ಹೊತ್ತು ಮುಣುಗೋದ್ರೊಳಗ

ಹೊಳೆದಿನ್ನಿ,
ದೇವದುರ್ಗ ತಾಲೂಕು, ರಾಯಚೂರು ಜಿಲ್ಲೆ
21-9-1986, ಭಾನುವಾರ

ಪ್ರೀತಿಯ ತಮ್ಮ ಸುಂಕಪ್ಪನಿಗೆ,

ನಿನ್ನ ಹೊಟ್ಟೆಯ ಉರಿ ಹೇಗಿದೆ? ಮನೆಯಿಂದ ಡಬ್ಬಿ ಒಯ್ಯುತ್ತೀಯೋ, ಇಲ್ಲಾ ಇನ್ನೂ ಆ ಮುಂಬಯಿಯ ಹೋಟೆಲುಗಳ ಎಣ್ಣೆಯನ್ನೇ ಕುಡಿಯುತ್ತೀಯೋ? ನಿನಗೆ ಚಿಕ್ಕಂದಿನಿಂದಲೂ ಖಾರ ಆಗಿಬರುವುದಿಲ್ಲ, ಆದರೂ ಖಾರದ ಡಬ್ಬಿ ಎಲ್ಲಿದ್ದರೂ ಹುಡುಕಿ ತಿನ್ನುವವನು ನೀನೇ. ಮಲಗುವ ಮುಂಚೆ ಒಂದು ಲೋಟ ಮಜ್ಜಿಗೆ ಕುಡಿ. ನಿನ್ನ ಹೆಂಡತಿ, ಮಗು ಆರೋಗ್ಯವೇ? ಮಗುವಿಗೆ ಹಲ್ಲು ಬರುವಾಗ ಜ್ವರ ಬರುತ್ತದೆ, ಗಾಬರಿಯಾಗಬೇಡಿ. ನಾನು ಚೆನ್ನಾಗಿದ್ದೇನೆ. ಮಾನ್ವಿಯ ಶಾಲೆಯಿಂದ ರಜೆ ಹಾಕಿ ಊರಿಗೆ ಬಂದು ಬಹಳ ದಿನವಾಯಿತು. ನಮ್ಮ ಹೆಡ್ ಮಾಸ್ತರು ಸತ್ತಾರ್ ಸಾಬರು ಒಳ್ಳೆಯವರು, ಏನೂ ಕೇಳದೆ ಸಹಿ ಹಾಕಿದರು. ಆದರೆ ಎಷ್ಟು ದಿನ ಅಂತ ಅವರೂ ಸುಮ್ಮನಿರುತ್ತಾರೆ. ಅಪ್ಪನ ವಿಷಯ ಆಮೇಲೆ ಬರೆಯುತ್ತೇನೆ. ಅದನ್ನು ಮೊದಲೇ ಬರೆದರೆ ಉಳಿದದ್ದು ಬರೆಯಲು ಕೈ ಬರುವುದಿಲ್ಲ.

ನಿನ್ನ ಟೆಲಿಗ್ರಾಂ ನಿನ್ನೆ ಮಧ್ಯಾಹ್ನ ಮುಟ್ಟಿತು. ಟೆಲಿಗ್ರಾಂ ಅಂದರೆ ಯಾರೋ ಸತ್ತರು ಎಂದೇ ನಮ್ಮ ಕೇರಿಯವರ ತಿಳುವಳಿಕೆ. ಪೋಸ್ಟಿನವನ ಸೈಕಲ್ ನಮ್ಮ ಬಾಗಿಲಿಗೆ ನಿಂತದ್ದೇ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಂದು ನಿಂತರು. ಯಾರೂ ಸತ್ತಿಲ್ಲ, ಹೋಗ್ರಿ ಅಂತ ಬೈದು ಕಳಿಸಿದೆ. ‘ಮೂರನೇ ತಾರೀಖು ದೆಹಲಿ ಸಭೆ. ಬರಲಾಗದು. ಅಪ್ಪನಿಗೆ ತಿಳಿಸಿ ಹೇಳು. ಪತ್ರ ಬರೆಯುವೆ.’ ಇಷ್ಟು. ಶಬ್ದಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತಾರೆ, ಗೊತ್ತು, ಆದರೂ ‘ಅಕ್ಕಾ’ ಅಂತ ಒಂದು ಶಬ್ದ ಹಾಕಬಹುದಿತ್ತು. ಹೋಗಲಿ. ಅಪ್ಪನಿಗೆ ತಿಳಿಸಿ ಹೇಳು ಅಂದಿದ್ದೀಯ. ಏನಂತ ತಿಳಿಸಿ ಹೇಳಲಿ? ಮಹಾನಮಿ ಅಮಾಸೆಗೆ ಸುಂಕಪ್ಪನನ್ನು ಕರೆಸುತ್ತೇನೆ, ಅವತ್ತು ಯಾರೂ ಎತ್ತು ಹೂಡುವುದಿಲ್ಲ, ಊರೆಲ್ಲ ಕಟ್ಟೆಗೆ ಕೂಡಿರುತ್ತದೆ, ಅವನೇ ಬಂದು ಎಲ್ಲರ ಮುಂದೆ ನಿಂತು ಹೇಳಿಹೋಗಲಿ ಅಂತ ನಾನೇ ಅಪ್ಪನಿಗೆ ಧೈರ್ಯ ಕೊಟ್ಟಿದ್ದೆ. ಆ ಅಮಾಸೆಯೇ ಮೂರನೇ ತಾರೀಖು. ದೆಹಲಿಯವರಿಗೂ ಅದೇ ದಿನ ಬೇಕಾಯಿತೇ?

ಅಪ್ಪ ಗೋಡೆಗೆ ಒರಗಿ ಕೂತಿದ್ದ. ಪೋಸ್ಟಿನವನು ಹೋಗುವುದನ್ನು ನೋಡಿದ, ನನ್ನ ಕೈಯನ್ನು ನೋಡಿದ. ವಾರಕ್ಕೊಂದು ಮಾತಾಡುವ ಮನುಷ್ಯ, ತಾನಾಗಿ ಕೇಳಿದ. "ಬರ್ತಾನಂತೇನು?" ನನಗೆ ಹೂಂ ಅನ್ನಲೂ ಆಗಲಿಲ್ಲ, ಉಹೂಂ ಅನ್ನಲೂ ಆಗಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿದೆ ಅಂತ ಒಳಗೆ ಹೋಗಿಬಿಟ್ಟೆ. ರೊಟ್ಟಿ ಸೀಯುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೇಳೋಣ ಅಂದುಕೊಂಡೆ, ಅಪ್ಪ ಅವತ್ತು ಎರಡು ರೊಟ್ಟಿ ತಿಂದ. ಎಷ್ಟೋ ದಿನದ ಮೇಲೆ ಎರಡು ರೊಟ್ಟಿ. ತಿನ್ನುವವನ ಮುಂದೆ ಹೇಗೆ ಹೇಳಲಿ? ಇವತ್ತು ಸಂಜೆ ಹೇಳಲೇಬೇಕು.

ನೀನು ಮಾಡುತ್ತಿರುವುದು ಸಣ್ಣ ಕೆಲಸವಲ್ಲ ಅಂತ ನನಗೂ ಗೊತ್ತು, ಹಳ್ಳಿ ಶಾಲೆಯ ಮಾಸ್ತರಿಣಿಗೆ ಏನು ತಿಳಿಯುತ್ತದೆ ಅನ್ನಬೇಡ. ಶಕ್ತಿನಗರದ ಕಲ್ಲಿದ್ದಲ ಕರೆಂಟಿನ ಕಾರ್ಖಾನೆಯ ಕೆಲಸ ಬಿಟ್ಟು ಮುಂಬಯಿಗೆ ಹೋದಾಗ ನೀನು ಎಷ್ಟು ಉದ್ದುದ್ದ ಪತ್ರ ಬರೆಯುತ್ತಿದ್ದೆ. ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರಬೇಕು, ರೈಲು ನಿಂತರೆ ದೀಪ ಆರುತ್ತದೆ, ಬೂದಿ ಹೊಲದ ಮೇಲೆ ಬೀಳುತ್ತದೆ, ಅಣುವಿಗೆ ಅದೊಂದೂ ಇಲ್ಲ ಅಂತ. ಅಣು ಸ್ಥಾವರಗಳಿಗೆ ಕವಾಟ ಮಾಡುವವರು, ಪಂಪು ಮಾಡುವವರು, ಉಕ್ಕು ಎರೆಯುವವರು, ಸಿಮೆಂಟಿನ ಗುತ್ತಿಗೆದಾರರು, ಎಂಜಿನಿಯರುಗಳ ಸಂಘದವರು ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ, ದೆಹಲಿಗೆ ಹೋಗಿ ತಲೆಗೊಂದು ಮಾತಾಡುತ್ತಾರೆ, ಅದಕ್ಕೇ ಯೋಜನೆಯ ಹಣವೆಲ್ಲ ಕಲ್ಲಿದ್ದಲಿಗೆ ಹೋಗುತ್ತದೆ ಅಂತ ಬರೆದಿದ್ದೆ. ನೀನು ಒಬ್ಬೊಬ್ಬರ ಬಾಗಿಲಿಗೂ ಹೋಗಿ ಅವರನ್ನೆಲ್ಲ ಒಂದು ಒಕ್ಕೂಟ ಮಾಡಿದೆ, ಅದರ ಕಾರ್ಯದರ್ಶಿಯಾದೆ. ‘ಅಕ್ಕಾ, ನಲವತ್ತು ಕಂಪನಿಗೆ ಈಗ ಒಂದೇ ಹಲಗೆ, ಬಾರಿಸುವವನು ತಾಯಣ್ಣನ ಮಗ’ ಅಂತ ಬರೆದ ಪತ್ರವನ್ನು ನಾನು ಸ್ಟಾಫ್ ರೂಮಿನಲ್ಲಿ ಓದಿ ತೋರಿಸಿದ್ದೆ. ಈರಯ್ಯನ ಅಂಗಡಿ ಮುಂದಿನ ಬಲ್ಬಿನ ಕೆಳಗೆ, ಕೇರಿಯವರು ಅಂಗಡಿ ಕಟ್ಟೆ ಹತ್ತುವ ಹಾಗಿಲ್ಲವೆಂದು ನಿಂತುಕೊಂಡೇ ಎಸೆಸೆಲ್ಸಿ ಓದಿದವನು ನೀನು. ದೇಶಕ್ಕೆಲ್ಲ ದೀಪ ಹಚ್ಚುತ್ತೇನೆ ಅಂದರೆ ನನಗೆ ನಗು ಬರಲಿಲ್ಲ, ಹೆಮ್ಮೆ ಬಂತು.

ಆದರೆ ಹಲಗೆ ಅನ್ನುವ ಶಬ್ದ ನಿನ್ನ ಬಾಯಲ್ಲಿ ಹೆಮ್ಮೆಯಿಂದ ಬಂದದ್ದು ಅದೇ ಮೊದಲು. ರಾಯಚೂರಿನಲ್ಲಿ ಕಾಲೇಜು ಓದುವಾಗ ನೀನು ಊರಿಗೆ ಬರುವುದನ್ನೇ ಬಿಟ್ಟಿದ್ದೆ, ನೆನಪಿದೆಯಾ? ‘ನಮ್ಮಪ್ಪ ಓಣಿ ಓಣಿ ಹಲಗಿ ಬಡಕೊಂತ ಹೋಗೋದು ಸಾಕು’ ಅಂತ ಜಗಳ ಮಾಡಿದೆ. ನಾನೂ ನಿನ್ನ ಕಡೆಯೇ. ಹುಟ್ಟಿದ ಕೇರಿಗಾಗಿ ಒಬ್ಬ ಮನುಷ್ಯ ಊರ ಹೇಳಿಕೆ ಹೊತ್ತು ತಿರುಗಬೇಕೆಂದರೆ ಅದು ಯಾವ ನ್ಯಾಯ? ನಿನಗೆ ನೌಕರಿ ಸಿಕ್ಕಿದ ದಿನ ಅಪ್ಪ ಹಲಗೆಯನ್ನು ಗೂಟಕ್ಕೆ ನೇತುಹಾಕಿದ. ಹಾಕುವಾಗ ಅವನ ಮುಖ ಹೇಗಿತ್ತು ಅಂತ ನಾವಿಬ್ಬರೂ ನೋಡಲಿಲ್ಲ. ನಮಗೆ ಅದು ತೊಗಲು, ಅವನಿಗೆ ಬೇರೆ ಏನೋ ಇತ್ತು. ಕೇರಿಯವನ ಕೈಯ ನೀರು ಕುಡಿಯದ ಊರು, ಅವನ ಬಾಯಿಂದ ಬಂದ ಮಾತನ್ನು ಮಾತ್ರ ಒಮ್ಮೆಯೂ ‘ಖರೇ ಏನು’ ಅಂತ ಕೇಳಿರಲಿಲ್ಲ.

ಸಾರುವ ಪದ್ಧತಿ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ಅದರಲ್ಲಿ ಅರ್ಧವನ್ನಷ್ಟೇ ದೆಹಲಿಗೆ ಒಯ್ದಿದ್ದೀಯ. ಊರ ಬಾಗಿಲ ಅಗಸಿ, ಹನುಮಪ್ಪನ ಗುಡಿಯ ಕಟ್ಟೆ, ದೊಡ್ಡ ಬಾವಿ, ಕೇರಿ, ಈ ನಾಲ್ಕು ಕಡೆ ಸಾರಬೇಕು. ಒಲ್ಲೆ ಅನ್ನುವವರು ಹೊತ್ತು ಮುಣುಗುವುದರೊಳಗೆ ಕಟ್ಟೆ ಮುಂದೆ ಬಂದು ನಿಲ್ಲಬೇಕು. ಯಾರೂ ಬರಲಿಲ್ಲವೋ, ಊರು ಒಪ್ಪಿತು ಅಂತ. ನಿನಗೆ ಬೇಕಾದದ್ದು ಇಷ್ಟೇ. ಉಳಿದರ್ಧ ಏನೆಂದರೆ, ಸಾರುವವನು ತನ್ನ ಮಾತು ಸಾರುವುದಿಲ್ಲ, ಯಾರೋ ಕೊಟ್ಟ ಮಾತು ಸಾರುತ್ತಾನೆ. ಆ ಮಾತಿನ ಬಗ್ಗೆ ಊರು ಕೇಳಿತೆಂದರೆ ಕೊಟ್ಟವನು ಕಟ್ಟೆ ಮುಂದೆ ಬಂದು ನಿಲ್ಲಬೇಕು. ಅವನು ಬರುವವರೆಗೆ ಅದು ಸಾರಿದವನ ತಲೆ ಮೇಲೆ.

ಫೆಬ್ರವರಿಯಲ್ಲಿ ನೀನು ಒಕ್ಕೂಟದ ಆ ಸಾಹೇಬರುಗಳನ್ನು ಕರೆದುಕೊಂಡು ಜೀಪಿನಲ್ಲಿ ಬಂದೆ. ಅವರು ಹೊಳೆಯ ದಂಡೆಯಲ್ಲಿ ಓಡಾಡಿದರು, ಮೂಗಿಗೆ ಕರ್ಚೀಫು ಹಿಡಿದುಕೊಂಡು ನಮ್ಮ ಅಂಗಳದಲ್ಲಿ ನಿಂತರು. ನೀನು ಅಪ್ಪನ ಪಕ್ಕದಲ್ಲಿ ಕೂತು, ಗೂಟದ ಕಡೆ ಕೈ ತೋರಿಸಿ, "ಯಪ್ಪಾ, ಇನ್ನೊಂದು ಸಲ, ನನ ಸಲುವಾಗಿ" ಅಂದೆ. ಅಪ್ಪ ನಿನ್ನ ಮುಖವನ್ನೇ ನೋಡಿದ. ಯಾವ ಹಲಗೆಗಾಗಿ ನೀನು ಮನೆಗೆ ಬರುವುದು ಬಿಟ್ಟಿದ್ದೆಯೋ ಅದನ್ನೇ ಸಾಹೇಬರ ಮುಂದೆ ಕೇಳುತ್ತಿದ್ದೀಯ ಅಂತ ಅವನಿಗೆ ನಂಬಿಕೆಯಾಗಲಿಲ್ಲ. ಅಂಗಳದಲ್ಲಿ ಹುಲ್ಲಿಗೆ ಬೆಂಕಿ ಹಾಕಿ ತೊಗಲು ಕಾಯಿಸುವಾಗ ಅವನ ಮುಖದ ಮೇಲೆ ನಗು ಇತ್ತು. ಹೊಸ ಮದುಮಗನಿಗೂ ಅಷ್ಟು ಕಳೆ ಇರುವುದಿಲ್ಲ. ನೀನು ಕೊಟ್ಟ ಮಾತನ್ನು ಒಂದಕ್ಷರ ಬಿಡದೆ ಸಾರಿದ. "ಕೇಳ್ರಪಾ ಕೇಳ್ರಿ, ಹೊಳಿ ದಂಡ್ಯಾಗ ಕರೆಂಟಿನ ಕಾರ್ಖಾನಿ ಬರಬೇಕಂತ ಸರಕಾರಕ್ಕ ಕೇಳಾಕತ್ತಾರ, ಊರಿಗೆ ದೀಪ, ಹುಡುಗರಿಗೆ ನೌಕರಿ, ಒಲ್ಲೆ ಅನ್ನೋರು ಹೊತ್ತು ಮುಣುಗೋದ್ರೊಳಗ ಕಟ್ಟಿಗೆ ಬರ್ರಿ." ಯಾರೂ ಬರಲಿಲ್ಲ. ಶಕ್ತಿನಗರದ ಹಾಗೆ ಇನ್ನೊಂದು ಅಂದುಕೊಂಡರು. ನಾನು ಅವತ್ತೇ ನಿನ್ನನ್ನು ಬದಿಗೆ ಕರೆದು ಕೇಳಿದೆ, ಅಣು ಅನ್ನುವ ಮಾತು ಎಲ್ಲಿ ಹೋಯಿತು ಅಂತ. "ಅಕ್ಕಾ, ಅವರಿಗೆ ತಿಳಿಯಂಗಿಲ್ಲ, ಯಾವುದಾದ್ರೂ ಕರೆಂಟು ಕರೆಂಟೇ" ಅಂದೆ. ಜೀಪು ಹೋಯಿತು.

ಬೇಸಿಗೆಯಲ್ಲಿ ರೇಡಿಯೋ ಮಾತಾಡಿತು. ರಷ್ಯಾದಲ್ಲಿ ಅಣು ಸ್ಥಾವರ ಹೊತ್ತಿಕೊಂಡಿದೆ, ಊರಿಗೆ ಊರೇ ಖಾಲಿ ಮಾಡಿಸಿದ್ದಾರೆ, ಹಾಲು ಚೆಲ್ಲುತ್ತಿದ್ದಾರೆ ಅಂತ. ನಮ್ಮೂರವರು ಅಯ್ಯೋ ಪಾಪ ಅಂದು ಸುಮ್ಮನಾದರು. ಎಲ್ಲಿಯ ರಷ್ಯಾ, ಎಲ್ಲಿಯ ಹೊಳೆದಿನ್ನಿ. ಆದರೆ ಜುಲೈಯಲ್ಲಿ ಅಬ್ದುಲ್ ವಹೀದನ ಚಹಾದ ಹೋಟೆಲಿನಲ್ಲಿ, ದಿನದ ಹಾಗೆ ಅವನು ಪೇಪರನ್ನು ಗಟ್ಟಿಯಾಗಿ ಓದುತ್ತಿರುವಾಗ ನಮ್ಮೂರ ಹೆಸರು ಬಂತು. ರಷ್ಯಾದ ಅಪಘಾತಕ್ಕೆ ಹೆದರಬೇಕಾಗಿಲ್ಲ, ಅಣು ಉದ್ಯಮವೆಲ್ಲ ಒಂದಾಗಿದೆ, ಕೃಷ್ಣೆಯ ದಂಡೆಯ ಹೊಳೆದಿನ್ನಿಯಂಥ ಊರುಗಳು ತಮ್ಮ ಹಳೆಯ ಪದ್ಧತಿಯಂತೆ ಡಂಗುರ ಸಾರಿ ಒಮ್ಮತದಿಂದ ಒಪ್ಪಿವೆ, ರಾಷ್ಟ್ರದ ಇಂಧನ ನೀತಿಯಲ್ಲಿ ಅಣುವಿಗೆ ಮೊದಲ ಸ್ಥಾನ ಕೊಡಬೇಕು ಅಂತ ಒಕ್ಕೂಟ ಕೇಂದ್ರಕ್ಕೆ ಹೇಳಿದೆ ಎಂದಿತ್ತು. ವಹೀದ್ ಓದುವುದನ್ನು ನಿಲ್ಲಿಸಿ ತಲೆ ಎತ್ತಿದನಂತೆ. ಅಪ್ಪ ಅಲ್ಲೇ ಇದ್ದ, ಹೊರಗಿನ ಕಲ್ಲಿನ ಮೇಲೆ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ.

ಊರವರು ಬಡಿಯಲಿಲ್ಲ, ಬೈಯಲಿಲ್ಲ. ಬಡಿದಿದ್ದರೆ ನಾನು ದೇವದುರ್ಗದ ಪೊಲೀಸು ಠಾಣೆಗೆ ಹೋಗುತ್ತಿದ್ದೆ. ಕುರಿ ಕಾಯುವ ಕನಕಪ್ಪ ಒಬ್ಬನೇ ನಮ್ಮ ಬಾಗಿಲಿಗೆ ಬಂದ. ಅವನ ಕುರಿದೊಡ್ಡಿ ಇರುವುದು ಅದೇ ದಂಡೆಯ ಮೇಲೆ, ಅವನೂ ಅಪ್ಪನೂ ಹೊಳೆಯಲ್ಲಿ ಒಟ್ಟಿಗೆ ಈಜು ಕಲಿತವರು. ಜಾತಿ ನೋಡದೆ ಅಪ್ಪನ ಬೀಡಿಯಿಂದ ಬೀಡಿ ಹಚ್ಚಿಕೊಳ್ಳುತ್ತಿದ್ದವನು ಈ ಊರಿನಲ್ಲಿ ಅವನೊಬ್ಬನೇ. "ತಾಯಣ್ಣ, ನೀ ಸಾರಿದಿ ಅಂತ ನಾ ಸುಮ್ಮಕಿದ್ದೆ. ಬ್ಯಾರೆ ಯಾರರ ಸಾರಿದ್ರ ಹತ್ತು ಸಲ ಕೇಳತಿದ್ದೆ" ಅಂದ. ಅಷ್ಟು ಹೇಳಿ ಹೋದ, ಮತ್ತೆ ಬರಲಿಲ್ಲ. ಅಪ್ಪ ಆಗ ಒಂದು ಮಾತು ಹೇಳಬಹುದಿತ್ತು, ಮಗ ಹೇಳಿಸಿದ ಅಂತ. ಹೇಳಲಿಲ್ಲ. "ಮಾತು ಕೊಟ್ಟವ ಬರ್ತಾನ" ಅಂದ, ಅಷ್ಟೇ. ಜೀಪನ್ನು ಊರೆಲ್ಲ ನೋಡಿದೆ, ಯಾರು ಕೊಟ್ಟರು ಅಂತ ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ಕೊಟ್ಟವನ ಹೆಸರನ್ನು ಸಾರಿದವನು ಹೇಳಬಾರದು, ಕೊಟ್ಟವನೇ ಬಂದು ಹೇಳಬೇಕು. ನಾನು ತಡೆಯಲಾರದೆ, ನಾನೇ ಹೋಗಿ ಕಟ್ಟೆ ಮುಂದೆ ನಿಲ್ಲುತ್ತೇನೆ ಅಂದೆ. ಅಪ್ಪ ನನ್ನ ಸೆರಗು ಹಿಡಿದು ಕೂಡಿಸಿದ. "ನೀ ಕೊಟ್ಟಿಲ್ಲ" ಅಂದ.

ಹೋದ ತಿಂಗಳು ದನಗಳಿಗೆ ಸೂಜಿ ಹಾಕುವವರು ಬಂದರು. ಸಾರಲು ಪಕ್ಕದ ಊರಿನಿಂದ ಒಬ್ಬ ಹುಡುಗನನ್ನು ಕರೆಸಿದರು. ಆ ಹುಡುಗನ ಹಲಗೆ ನಮ್ಮ ಬಾಗಿಲ ಮುಂದೆಯೇ ಹಾದುಹೋಯಿತು. ತೊಗಲು ಸರಿಯಾಗಿ ಕಾಯಿಸಿರಲಿಲ್ಲ, ಒದ್ದೆ ಚೀಲ ಬಡಿದ ಹಾಗೆ ಕೇಳುತ್ತಿತ್ತು. ಅಪ್ಪ ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಅವತ್ತಿನಿಂದ ಊಟ ಅರ್ಧವಾಯಿತು, ಮಾತು ಅದಕ್ಕೂ ಕಡಿಮೆಯಾಯಿತು. ದೇವದುರ್ಗದ ಡಾಕ್ಟರು ಎದೆ ನೋಡಿ, ಕಣ್ಣು ನೋಡಿ, ಏನೂ ರೋಗವಿಲ್ಲ, ವಯಸ್ಸು ಅಂದರು. ಮೊನ್ನೆ ಮೈ ತೊಳೆಸುವಾಗ ಬೆನ್ನು ನೋಡಿದೆ ಸುಂಕ, ಎಲುಬೆಲ್ಲ ಕಾಣುತ್ತದೆ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದ ಬೆನ್ನು ಅದು.

ನೀನು ಕೆಟ್ಟವನಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ. ಕೆಟ್ಟವನಾಗಿದ್ದರೆ ನಿನ್ನ ಹೆಸರಿಗೆ ಎಳ್ಳುನೀರು ಬಿಟ್ಟು ಆರಾಮಾಗಿ ಮಾನ್ವಿಗೆ ಹೋಗಿಬಿಡುತ್ತಿದ್ದೆ. ರಷ್ಯಾದ ಮೇಲೆ ನಿನ್ನ ಒಕ್ಕೂಟದಲ್ಲೇ ಎಷ್ಟೋ ಜನ ಹಿಂದೆ ಸರಿಯುತ್ತಿದ್ದಾರೆ, ದೆಹಲಿ ಸಭೆ ಕರೆಯುವಷ್ಟರಲ್ಲಿ ಎಲ್ಲರನ್ನೂ ಒಂದೇ ಬಾಯಿ ಮಾಡಿ ನಿಲ್ಲಿಸದಿದ್ದರೆ ಇಷ್ಟು ವರ್ಷದ ಕೆಲಸ ಮಣ್ಣಾಗುತ್ತದೆ ಅಂತ ಹೋದ ಪತ್ರದಲ್ಲಿ ನೀನೇ ಬರೆದಿದ್ದೆ. ಆಗಬಹುದು. ಸ್ಥಾವರ ನಮ್ಮೂರಿಗೆ ಬರುತ್ತದೋ, ಎಲ್ಲಿಯೂ ಬರುವುದೇ ಇಲ್ಲವೋ, ನನಗೆ ಗೊತ್ತಿಲ್ಲ. ಫೆಬ್ರವರಿಯಲ್ಲಿ ದಂಡೆಯ ಮೇಲೆ ನಿನ್ನವರು ಗುರುತಿಗೆ ನೆಟ್ಟ ಸುಣ್ಣ ಬಳಿದ ಕಲ್ಲುಗಳಿಗೆ ಈಗ ಕನಕಪ್ಪನ ಕುರಿಗಳು ಮೈ ತಿಕ್ಕಿಕೊಳ್ಳುತ್ತಿವೆ. ಬಂದರೂ ಬರದಿದ್ದರೂ ಅಪ್ಪನಿಗೆ ಹೋದದ್ದು ಹೋಯಿತು. ನೀನು ಬಂದು ನಿಂತರೆ ಎಲ್ಲ ಸರಿಹೋಗುತ್ತದೆ ಅಂತಲೂ ನಾನು ನಂಬಿಲ್ಲ. ಊರು ಹೂಂ ಅನ್ನುತ್ತದೆ, ಕನಕಪ್ಪ ಬೀಡಿ ಹಚ್ಚಿಕೊಳ್ಳಲು ಬರಬಹುದು, ಬರದಿರಬಹುದು. ಆದರೆ ‘ಮಾತು ನಂದು, ಅಪ್ಪಂದಲ್ಲ’ ಅಂತ ನಿನ್ನ ಬಾಯಿಂದ ಬಂದರೆ ಆ ಮುದುಕ ಗೋಡೆಯ ಕಡೆಯಿಂದ ಈ ಕಡೆ ಮಗ್ಗಲು ತಿರುಗಿಯಾನು. ನನಗೆ ಬೇಕಾದದ್ದು ಅಷ್ಟೇ.

ಬೇರೆ ದಿನ ಬರುತ್ತೇನೆ ಅಂತ ಬರೆಯುತ್ತೀಯ, ಗೊತ್ತು. ದೀಪಾವಳಿಗೆ ಅನ್ನುತ್ತೀಯ, ಆಮೇಲೆ ಸಂಕ್ರಾಂತಿಗೆ ಅನ್ನುತ್ತೀಯ. ಅಷ್ಟರವರೆಗೆ ಇಲ್ಲಿ ಯಾರು ಕಾಯುತ್ತಿರುತ್ತಾರೋ ನೋಡು. ನಿನ್ನನ್ನು ಬೈಯಲೆಂದೇ ಪೆನ್ನು ಹಿಡಿದೆ, ಬೈದು ಮುಗಿಸಿದ ಮೇಲೂ ಎದೆ ಹಗುರಾಗಲಿಲ್ಲ. ಹೋಗಲಿ ಬಿಡು. ಸಭೆಗೆ ಹೋಗು, ಚೆನ್ನಾಗಿ ಮಾತಾಡು. ಅಪ್ಪನಿಗೆ ನಾನೇ ಏನಾದರೂ ಹೇಳಿಕೊಳ್ಳುತ್ತೇನೆ. ಕತ್ತಲಾಗುವುದರೊಳಗೆ ಹೇಳುತ್ತೇನೆ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಮಗುವಿನ ಹಣೆಗೆ ಅತ್ತೆಯದೊಂದು ಮುತ್ತು. ಹೊಟ್ಟೆಯ ಬಗ್ಗೆ ಕಾಳಜಿ ಇರಲಿ. ಎಲ್ಲಿದ್ದರೂ ಚೆನ್ನಾಗಿರು, ತಣ್ಣಗಿರು.

ಇಂತಿ ನಿನ್ನ ಅಕ್ಕ,
ಅಮರಮ್ಮ

ತಾ.ಕ.: ಮೇಲಿನದನ್ನು ಬರೆದು ಲಕೋಟೆ ಹುಡುಕುತ್ತಿದ್ದೆ. ಅಂಗಳದಿಂದ ಹುಲ್ಲು ಸುಟ್ಟ ವಾಸನೆ ಬಂತು. ಅಪ್ಪ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾನೆ ಅಂದುಕೊಂಡೆ. ಹೊರಗೆ ಬಂದು ನೋಡಿದರೆ ಗೂಟ ಖಾಲಿ ಇತ್ತು. ಅಷ್ಟರಲ್ಲಿ ಅಗಸಿಯ ಕಡೆಯಿಂದ ಹಲಗೆ ಕೇಳಿತು. ಆ ಏಟು ಬೇರೆ ಯಾರದೂ ಅಲ್ಲ. "ಕೇಳ್ರಪಾ ಕೇಳ್ರಿ, ಮಾತು ಕೊಟ್ಟವ ಅಮಾಸಿ ದಿನ ಬರ್ತಾನ, ಕಟ್ಟಿ ಮುಂದ ನಿಂತು ಹೇಳ್ತಾನ, ಇದು ಸುಳ್ಳು ಅನ್ನೋರು ಹೊತ್ತು ಮುಣುಗೋದ್ರೊಳಗ ಬರ್ರಿ." ಅಗಸಿ, ಕಟ್ಟೆ, ಬಾವಿ, ಕೊನೆಗೆ ನಮ್ಮ ಕೇರಿ. ದನಿ ಒಡೆದಿತ್ತು, ಆದರೆ ಒಂದು ಮಾತೂ ನುಂಗಲಿಲ್ಲ. ನಿನ್ನೆ ನಾನು ಸುಮ್ಮನೆ ಒಳಗೆ ಹೋದದ್ದನ್ನು ಅವನು ಹೂಂ ಅಂತ ತಿಳಿದಿದ್ದಾನೆ ಸುಂಕ. ಈ ಊರಿನವನು ಮತ್ತೇನು ತಿಳಿಯುತ್ತಾನೆ? ನಮ್ಮ ಬಾಗಿಲಿಗೆ ಬಂದಾಗ ನನ್ನನ್ನು ನೋಡಿ ನಕ್ಕ. ನಿನ್ನ ಟೆಲಿಗ್ರಾಂ ನನ್ನ ಕೈಯಲ್ಲೇ ಇತ್ತು. ಸುಳ್ಳು ಅಂತ ಗೊತ್ತಿದ್ದವಳು ಊರಿಗೆಲ್ಲ ನಾನೊಬ್ಬಳೇ, ಕಟ್ಟೆ ಇಲ್ಲಿಂದ ನಾಲ್ಕು ಹೆಜ್ಜೆ. ನಾನು ಅಂಗಳ ದಾಟಲಿಲ್ಲ. ಈಗ ಹೊತ್ತು ಮುಣುಗಿತು. ಯಾರೂ ಬರಲಿಲ್ಲ. ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಊರು ಒಪ್ಪಿದೆ, ನಾನೂ ಒಪ್ಪಿದ್ದೇನೆ, ನೀನು ಬರುತ್ತೀಯ ಅಂತ.